ಔಷಧಕ್ಕೆ ಬಗ್ಗದ ಖಿನ್ನತೆ ಮತ್ತು ನಾವು ಹೇಳದೆ ಬಿಟ್ಟ ಮಾತು

ರಮಝಾನ್ ಬಂತೆಂದರೆ ಗರಗದ ನಮ್ಮ ಮಸೀದಿಯಲ್ಲಿ ತರಾವೀಹ್ ನಮಾಝಿಗೆ ನಮ್ಮ ಹಿರಿಯಣ್ಣನವರೇ ಇಮಾಮರಾಗಿ ನಿಲ್ಲುವುದು ಹಲವು ವರ್ಷಗಳ ವಾಡಿಕೆಯಾಗಿತ್ತು. ಹದಿಮೂರನೆಯ ವಯಸ್ಸಿನಲ್ಲಿಯೇ ಪವಿತ್ರ ಕುರ್‌ಆನನ್ನು ಸಂಪೂರ್ಣವಾಗಿ ಕಂಠಸ್ಥ ಮಾಡಿ ಹಾಫಿಝ್ ಎನಿಸಿಕೊಂಡವರು ಅವರು. ಬೆಳಗಿನ ಹೊತ್ತು ಮದ್ರಸದಲ್ಲಿ ಮಕ್ಕಳಿಗೆ ಪಾಠ, ಹಗಲೆಲ್ಲ ಹೊಲಿಗೆ ಅಂಗಡಿ. ರಾಷ್ಟ್ರಧ್ವಜದ ಖಾದಿ ಬಟ್ಟೆಯನ್ನು ನೇಯುವ ಊರೆಂದು ಗರಗಕ್ಕೆ ದೇಶದಲ್ಲಿ ಹೆಸರಿದೆ. ಅಣ್ಣ ಅದೇ ಊರಿನ ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಸಂಸಾರ ಸಾಗಿಸಿದರು. ತರಾವೀಹ್‌ನಲ್ಲಿ ಇಮಾಮರ ಹಿಂದೆ ಇನ್ನೊಬ್ಬ ಹಾಫಿಝ್ ನಿಂತು ಪಾರಾಯಣವನ್ನು ಆಲಿಸುವುದು, ಇಮಾಮರು ಎಲ್ಲಿಯಾದರೂ ಎಡವಿದರೆ ಮುಂದಿನ ಪದವನ್ನು ಎತ್ತಿಕೊಡುವುದು ಓದುಗರಿಗೆ ತಿಳಿದದ್ದೇ. ನಮ್ಮ ಕಡೆ ಅದನ್ನು ಲುಕ್ಮಾ ಕೊಡುವುದು ಎನ್ನುತ್ತಾರೆ. ಅಣ್ಣನ ಹಿಂದೆ ನಿಂತವರಿಗೆ ಇಡೀ ತಿಂಗಳಲ್ಲಿ ಲುಕ್ಮಾ ಕೊಡುವ ಪ್ರಸಂಗ ಒಂದೆರಡು ಬಾರಿ ಬಂದರೆ ಹೆಚ್ಚು.

ನಾಲ್ಕು ವರ್ಷಗಳ ಹಿಂದೆ ಆ ಧ್ವನಿ ಕುಗ್ಗತೊಡಗಿತು. ಮೊದಲು ಹೋದದ್ದು ನಿದ್ರೆ. ರಾತ್ರಿ ಮೂರು ಗಂಟೆಗೆ ಅವರು ಹಾಸಿಗೆಯ ಮೇಲೆ ಎದ್ದು ಕುಳಿತಿರುವುದನ್ನು ಕಂಡು ತಹಜ್ಜುದ್ ನಮಾಝಿಗೆ ಏಳುತ್ತಿದ್ದಾರೆಂದು ನಾವು ಸಂತೋಷಪಟ್ಟೆವು. ನಾವೆಂದರೆ ಅವರ ಇಬ್ಬರು ತಮ್ಮಂದಿರು ಮತ್ತು ಒಬ್ಬ ತಂಗಿ. ಬೆಳಗಾಗುವುದಕ್ಕೆ ಬಹಳ ಮುನ್ನವೇ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚಲಾಗದಿರುವುದು ತೀವ್ರ ಖಿನ್ನತೆಯ ಲಕ್ಷಣಗಳಲ್ಲೊಂದು ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಜೂನ್ ತಿಂಗಳು, ಶಾಲೆ ತೆರೆಯುವ ಹೊತ್ತು. ಅಂಗಡಿಯಲ್ಲಿ ಸಮವಸ್ತ್ರದ ಬಟ್ಟೆಗಳು ಅಳತೆ ಚೀಟಿಗಳ ಸಮೇತ ಕತ್ತರಿ ಕಾಣದೆ ಬಿದ್ದಿದ್ದವು. ತಾಯಂದಿರು ಬಂದು ಜಗಳವಾಡಿ ಬಟ್ಟೆ ಹಿಂದಕ್ಕೆ ಒಯ್ದರು. ಅಣ್ಣ ಯಾರಿಗೂ ಮರುಮಾತನಾಡಲಿಲ್ಲ. ಕೆಲವು ವಾರಗಳ ಬಳಿಕ ಅವರು ಅತ್ತಿಗೆಯ ಮುಂದೆ ಹೇಳಿದರು: ತನ್ನ ಯಾವ ನಮಾಝೂ ಸ್ವೀಕಾರವಾಗಿಲ್ಲ, ತಾನು ಕಪಟಿ, ಇಷ್ಟು ವರ್ಷ ಜನರನ್ನು ವಂಚಿಸಿ ಮುಂದೆ ನಿಂತೆ ಎಂದು. ಆ ವರ್ಷದ ರಮಝಾನಿಗೆ ಹೊರಗಿನಿಂದ ಬೇರೊಬ್ಬ ಹಾಫಿಝರನ್ನು ಕರೆಸಬೇಕಾಯಿತು.

ಬಂಧುಗಳು, ನೆರೆಯವರು ಬಂದರು. ಒಬ್ಬರು ಈಮಾನ್ ದುರ್ಬಲವಾಗಿದೆ ಎಂದರು. ಹಾಫಿಝರಿಗೆ ಈಮಾನಿನ ಪಾಠ ಹೇಳಲು ಅವರಿಗೆ ಸಂಕೋಚವೇನೂ ಆಗಲಿಲ್ಲ. ಇನ್ನೊಬ್ಬರು ಜಿನ್ನಿನ ಕಾಟ ಎಂದು ಒಬ್ಬ ಆಮಿಲರ ವಿಳಾಸ ಕೊಟ್ಟರು. ನಾವೂ ಹೋದೆವು. ಕೊರಳಿಗೆ ತಾಯಿತ ಬಂತು, ಕೈಯಿಂದ ಹಣ ಹೋಯಿತು, ಮೂರು ತಿಂಗಳೂ ಹೋದವು. ದುಆದ ಬಗ್ಗೆ ನಮಗೆ ಎಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಆದರೆ ಪ್ರವಾದಿವರ್ಯರು (ಸ) ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಕಲಿಸಿದರು. ದುಃಖಿತರಿಗೂ ರೋಗಿಗಳಿಗೂ ಜವೆಗೋಧಿಯ ಗಂಜಿ, ಅಂದರೆ ತಲ್ಬೀನಾ, ಕೊಡುವಂತೆ ತಿಳಿಸಿದರು. ದುಃಖ ಹೊಟ್ಟೆಯ ಹಸಿವನ್ನೂ ಕಿತ್ತುಕೊಳ್ಳುತ್ತದೆಂಬ ಅರಿವು ಆ ಬೋಧನೆಯಲ್ಲಿದೆ. ನಮ್ಮ ತಂಗಿ ಹಾಲು, ಜೇನು ಬೆರೆಸಿ ದಿನವೂ ತಲ್ಬೀನಾ ಮಾಡಿದಳು. ಅಣ್ಣ ಎರಡು ಚಮಚ ನುಂಗಿ ಬಟ್ಟಲನ್ನು ಆಚೆ ಸರಿಸುತ್ತಿದ್ದರು.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ಬಹಳ ಮುಂದಿದ್ದರೆಂದು ಓದಿ ತಿಳಿದಾಗ ನಾಚಿಕೆಯಾಯಿತು. ಇಂದಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದ ವಿದ್ವಾಂಸರಾದ ಅಬೂ ಝೈದ್ ಅಲ್ ಬಲ್ಖೀ 934ರಲ್ಲಿ ನಿಧನರಾದರು. ದೇಹ ಮತ್ತು ಮನಸ್ಸುಗಳ ಕ್ಷೇಮವನ್ನು ಕುರಿತ ‘ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್’ ಎಂಬ ಗ್ರಂಥದಲ್ಲಿ ಅವರು ದುಃಖವನ್ನು ಎರಡಾಗಿ ವಿಂಗಡಿಸಿದರು. ಕಾರಣ ಗೊತ್ತಿರುವ ದುಃಖ ಒಂದು. ಯಾವ ಕಾರಣವೂ ಕಾಣದೆ ಕವಿಯುವ ದುಃಖ ಇನ್ನೊಂದು. ಎರಡನೆಯದರ ಮೂಲ ದೇಹದಲ್ಲಿಯೇ ಇರುವುದರಿಂದ ಅದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದು ಅವರು ವಿವರಿಸಿದ್ದಾರೆ. 1154ರಲ್ಲಿ ದಮಾಸ್ಕಸ್‌ನಲ್ಲಿ ನೂರುದ್ದೀನ್, 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಗಳು ವಕ್ಫ್ ಆದಾಯದಿಂದ ನಡೆಯುತ್ತಿದ್ದವು. ಮನೋರೋಗಿಗಳಿಗೂ ಅಲ್ಲಿ ಸ್ಥಳವಿತ್ತು. ನಾವಾದರೋ ನಮ್ಮ ಮನೆಯ ರೋಗಿಯನ್ನು ಓಣಿಯವರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಕೂರಿಸಿದ್ದೆವು.

ಕೊನೆಗೂ ವೈದ್ಯರ ಬಳಿಗೆ ಹೋದೆವು. ಮೊದಲ ಔಷಧವನ್ನು ಪೂರ್ಣ ಪ್ರಮಾಣಕ್ಕೇರಿಸಿ ಎಂಟು ವಾರ ಕಾದೆವು, ಫಲವಿಲ್ಲ. ಎರಡನೆಯ ಔಷಧ, ಮತ್ತೆ ಎಂಟು ವಾರ. ನಿದ್ರೆ ಸ್ವಲ್ಪ ಮರಳಿತು, ಮನುಷ್ಯ ಮರಳಲಿಲ್ಲ. ಹೀಗೆ ಎರಡು ಬೇರೆ ಬೇರೆ ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಬಗ್ಗದ ಖಿನ್ನತೆಯನ್ನು ಚಿಕಿತ್ಸೆಗೆ ಮಣಿಯದ ಖಿನ್ನತೆಯೆಂದು ವೈದ್ಯರು ಪರಿಗಣಿಸುತ್ತಾರೆ. 2006ರಲ್ಲಿ ಫಲಿತಾಂಶ ಪ್ರಕಟವಾದ ಸ್ಟಾರ್-ಡಿ ಎಂಬ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಮೊದಲ ಔಷಧದಿಂದ ಸುಮಾರು ಮೂರನೇ ಒಂದು ಭಾಗ ರೋಗಿಗಳು ಪೂರ್ಣ ಗುಣಮುಖರಾದರು. ಎರಡು ಔಷಧಗಳು ಸೋತ ಮೇಲೆ ಮೂರನೆಯದು ಗುಣಪಡಿಸಿದ್ದು ನೂರಕ್ಕೆ ಹದಿಮೂರು ಹದಿನಾಲ್ಕು ಮಂದಿಯನ್ನು ಮಾತ್ರ. ಆ ಲೆಕ್ಕವೂ ಉದಾರವಾಯಿತೆಂದು ಅನಂತರ ಕೆಲವರು ಆಕ್ಷೇಪಿಸಿದ್ದಾರೆ. ಔಷಧ ಸೋಲುವುದು ರೋಗಿಯ ಹಟದಿಂದಲ್ಲ, ವಿಶ್ವಾಸದ ಕೊರತೆಯಿಂದಲೂ ಅಲ್ಲ. ಈ ರೋಗದ ಸ್ವಭಾವವೇ ಕೆಲವರಲ್ಲಿ ಹಾಗಿರುತ್ತದೆ.

ಅಷ್ಟರಲ್ಲಿ ಅಣ್ಣನ ಮಗಳ ನಿಕಾಹ್ ಬಂತು. ಮೊದಲೇ ನಿಶ್ಚಯವಾಗಿದ್ದುದನ್ನು ಮುಂದೂಡುವಂತಿರಲಿಲ್ಲ. ಅಣ್ಣ ಶೇರ್ವಾನಿ ತೊಟ್ಟು, ಎರಡು ಬದಿಗೂ ನಾವು ಕುಳಿತು, ವಲಿಯಾಗಿ ಹೇಳಬೇಕಾದ ಮಾತನ್ನು ಹೇಳಿದರು. ಧ್ವನಿ ಮೊದಲ ಸಾಲಿನವರಿಗೂ ಕೇಳಿಸಲಿಲ್ಲ. ಅದಾದ ಹತ್ತು ಹದಿನೈದು ದಿನಗಳಲ್ಲಿ ಅವರು ಅನ್ನ ಬಿಟ್ಟರು, ಆಮೇಲೆ ನೀರನ್ನೂ ಬಿಡತೊಡಗಿದರು. ಬೆಳಗಾಗದಿದ್ದರೆ ಒಳ್ಳೆಯದಿತ್ತು ಎಂದು ಒಂದು ರಾತ್ರಿ ಹೇಳಿದರು. ಅಂದಿನಿಂದ ನಮ್ಮಲ್ಲಿ ಒಬ್ಬರಾದರೂ ಅವರ ಕೋಣೆಯಲ್ಲೇ ಮಲಗಿದೆವು.

ಧಾರವಾಡದ ಆಸ್ಪತ್ರೆಯೊಂದಕ್ಕೆ ಸೇರಿಸುವುದೆಂದು ತೀರ್ಮಾನವಾದಾಗ ನೆರೆಯ ಹಿರಿಯರೊಬ್ಬರು ಅಂಗಳಕ್ಕೆ ಬಂದು, “ಧಾರವಾಡಕ್ಕ ಒಯ್ತೀರೇನ್ರಿ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಗರಗದವರು ಸಂತೆಗೂ ಕಾಲೇಜಿಗೂ ಕೋರ್ಟಿಗೂ ಹೋಗುವುದು ಧಾರವಾಡಕ್ಕೇ. ಆದರೆ ಆ ದನಿಯಲ್ಲಿ ಕೇಳಿದರೆ ಅರ್ಥ ಬೇರೆ. ಅಲ್ಲಿ ಮನೋರೋಗಿಗಳ ಆಸ್ಪತ್ರೆ ಪ್ರಾರಂಭವಾದದ್ದು ಬ್ರಿಟಿಷರ ಕಾಲದಲ್ಲಿ, 1845ರಲ್ಲಿ. ಇಂದು ಅದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಗಿದೆ, ಮನೋವೈದ್ಯರನ್ನು ತಯಾರು ಮಾಡುತ್ತಿದೆ. ಆದರೂ ಉತ್ತರ ಕರ್ನಾಟಕದ ಬೈಗುಳದಲ್ಲಿ ಅದು ಇನ್ನೂ ಹುಚ್ಚಾಸ್ಪತ್ರೆಯಾಗಿಯೇ ಉಳಿದಿದೆ. ನಾವು ಸೇರಿಸಿದ ಆಸ್ಪತ್ರೆ ಯಾವುದಾದರೇನು, ಊರಿನ ಬಾಯಲ್ಲಿ ಎಲ್ಲವೂ ಒಂದೇ.

ಅಲ್ಲಿನ ವೈದ್ಯೆ ಅಣ್ಣನನ್ನು ಪರೀಕ್ಷಿಸಿ ನಮ್ಮನ್ನು ಹೊರಗೆ ಕರೆದು ಹೇಳಿದರು: “ಇನ್ನೊಂದು ಮಾತ್ರಿ ಶುರು ಮಾಡಿದರ ಅದು ಕೆಲಸ ಮಾಡಾಕ ನಾಲ್ಕ ವಾರ ಬೇಕ್ರಿ. ಇವರು ನೀರ ಕುಡಿಯೋದೂ ಬಿಟ್ಟಾರ. ನಮ್ಮ ಕಡೆ ಅಷ್ಟು ದಿವಸ ಇಲ್ಲ.” ಅವರು ಸೂಚಿಸಿದ್ದು ಇ.ಸಿ.ಟಿ., ಜನ ಕರೆಂಟ್ ಕೊಡುವುದು ಎನ್ನುವ ಚಿಕಿತ್ಸೆ.

ನಮ್ಮ ತಂಗಿ ಅಲ್ಲಿಯೇ ಅತ್ತಳು. ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಎಚ್ಚರವಿರುವವನಿಗೆ ವಿದ್ಯುತ್ ಹರಿಸುವ ಸಿನಿಮಾ ದೃಶ್ಯಗಳನ್ನು ನೋಡಿಯೇ ನಾವೆಲ್ಲ ಬೆಳೆದವರು. ಆ ದೃಶ್ಯಗಳು ಶುದ್ಧ ಸುಳ್ಳೇನಲ್ಲ. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಈ ಚಿಕಿತ್ಸೆಯನ್ನು ಆರಂಭಿಸಿದಾಗ ಅರಿವಳಿಕೆ ಇರಲಿಲ್ಲ. ಸೆಳವಿನ ರಭಸಕ್ಕೆ ಮೂಳೆ ಮುರಿಯುತ್ತಿದ್ದುದೂ ಉಂಟು. ಹಟಮಾರಿ ರೋಗಿಗಳನ್ನು ಹೆದರಿಸಿ ಸುಮ್ಮನಾಗಿಸಲು ಅದನ್ನು ಬಳಸಿದ ಆಸ್ಪತ್ರೆಗಳೂ ಜಗತ್ತಿನಲ್ಲಿದ್ದವು. ಸ್ನಾಯುಗಳನ್ನು ಸಡಿಲಿಸುವ ಔಷಧಗಳು ಬಂದದ್ದು ಆಮೇಲೆ. ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇ.ಸಿ.ಟಿ. ಕೊಡುವುದನ್ನು ನಿಷೇಧಿಸಿದೆ. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಕೊಡುವಂತಿಲ್ಲ. ಅಪ್ರಾಪ್ತರಿಗೆ ಪೋಷಕರ ಒಪ್ಪಿಗೆಯೊಂದೇ ಸಾಲದು, ಮಂಡಳಿಯ ಪೂರ್ವಾನುಮತಿಯೂ ಬೇಕು.

ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ರಾತ್ರಿಯಿಂದ ಉಪವಾಸ. ಬೆಳಿಗ್ಗೆ ರಕ್ತನಾಳಕ್ಕೆ ಅರಿವಳಿಕೆ. ರೋಗಿಗೆ ಮುಂದಿನದೇನೂ ಗೊತ್ತಾಗುವುದಿಲ್ಲ. ಹಲ್ಲುಗಳ ನಡುವೆ ಮೆತ್ತನೆಯ ತಡೆ. ಹಣೆಯ ಬದಿಗಳಿಂದ ಕೆಲವೇ ಸೆಕೆಂಡುಗಳ ವಿದ್ಯುತ್ ಸ್ಪಂದನ. ಅದರಿಂದ ಮೆದುಳಿನಲ್ಲಿ ಒಂದು ಸೆಳವು ಉಂಟಾಗಿ ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ. ಗುಣ ತರುವುದು ವಿದ್ಯುತ್ತಲ್ಲ, ಆ ನಿಯಂತ್ರಿತ ಸೆಳವು ಎಂದರು. ಸ್ನಾಯುಗಳು ಸಡಿಲವಾಗಿರುವುದರಿಂದ ಹೊರಗೆ ಕಾಣುವುದು ಬಹಳ ಕಡಿಮೆ. ಎಷ್ಟೋ ಸಲ ಪಾದವಷ್ಟೇ ಅದುರುತ್ತದೆಯಂತೆ. ವಾರಕ್ಕೆ ಎರಡು ಮೂರು ಬಾರಿಯಂತೆ ಒಟ್ಟು ಆರರಿಂದ ಹನ್ನೆರಡು ಬಾರಿ. ಊಟ ನೀರು ಬಿಟ್ಟ, ತಾನು ಪಾಪಿಯೆಂಬ ಭ್ರಮೆ ಹಿಡಿದ ತೀವ್ರ ಖಿನ್ನತೆಯಲ್ಲಿ ಇಷ್ಟು ಬೇಗ ಇಷ್ಟು ಮಂದಿಗೆ ಫಲ ಕೊಡುವ ಚಿಕಿತ್ಸೆ ಬೇರೊಂದಿಲ್ಲ ಎಂದೂ ಹೇಳಿದರು. ಬೆಂಗಳೂರಿನಲ್ಲಿರುವ ಬಂಧುವೊಬ್ಬರು ನಿಮ್ಹಾನ್ಸ್‌ನಲ್ಲಿ ವಿಚಾರಿಸಿದಾಗಲೂ ಇದೇ ಉತ್ತರ ಬಂತು.

ಆಮೇಲೆ ವೈದ್ಯೆ ನೆನಪಿನ ಮಾತು ತೆಗೆದರು. ಚಿಕಿತ್ಸೆಯ ವಾರಗಳಲ್ಲಿ ಗೊಂದಲ, ಮರೆವು ಸಹಜ, ಅದು ಸರಿಹೋಗುತ್ತದೆ. ಎಳವೆಯಲ್ಲಿ ಕಲಿತು ನೂರಾರು ಸಲ ಉರು ಹೊಡೆದದ್ದು ಸಾಮಾನ್ಯವಾಗಿ ಅಳಿಯುವುದಿಲ್ಲ. ಆದರೆ ಚಿಕಿತ್ಸೆಗೆ ಹಿಂದಿನ ಕೆಲವು ವಾರಗಳ, ತಿಂಗಳುಗಳ ಘಟನೆಗಳಲ್ಲಿ ಕೆಲವು ಹೋಗಬಹುದು. ಅವುಗಳಲ್ಲಿ ಕೆಲವು ಮರಳದೆಯೂ ಇರಬಹುದು. ಇದನ್ನೆಲ್ಲ ಅವರು ಅಣ್ಣನ ಮಂಚದ ಬಳಿ ಕುಳಿತೂ ಹೇಳಿದರು. ಅಣ್ಣ ತಲೆಯಾಡಿಸಿದರು. ಎಷ್ಟು ಕಿವಿಯ ಮೇಲೆ ಬಿತ್ತೋ ದೇವನೇ ಬಲ್ಲ.

ಮೊದಲ ಚಿಕಿತ್ಸೆಯ ಹಿಂದಿನ ರಾತ್ರಿ ಅಣ್ಣ ನಮ್ಮ ಕಡೆ ತಿರುಗಿ, ಎಷ್ಟೋ ದಿನಗಳ ಬಳಿಕ ಒಂದು ಪೂರ್ಣ ವಾಕ್ಯವನ್ನಾಡಿದರು: “ನನ್ನ ಹಿಫ್ಝ್ ಉಳಿಯುತ್ತದೆಯೇ?”

“ಏನೂ ಆಗುವುದಿಲ್ಲ, ಇನ್‌ಶಾ ಅಲ್ಲಾಹ್. ಯಾವುದೂ ಮರೆಯುವುದಿಲ್ಲ” ಎಂದೆವು ನಾವು.

ಹಿಫ್ಝ್ ಉಳಿಯುವುದೆಂಬ ಮಾತಿಗೆ ವೈದ್ಯೆಯ ಆಧಾರವಿತ್ತು. ಯಾವುದೂ ಮರೆಯುವುದಿಲ್ಲ ಎಂಬುದಕ್ಕೆ ಇರಲಿಲ್ಲ. ಬೇರೆ ಏನು ಹೋಗಬಹುದೆಂಬುದು ನಮಗೆ ಆ ದಿನ ಮಧ್ಯಾಹ್ನವೇ ಗೊತ್ತಾಗಿತ್ತು. ಹೇಳಿದರೆ ಅವರು ಬೇಡವೆನ್ನಬಹುದು, ಬೇಡವೆಂದರೆ ಬದುಕಲಾರರು ಎಂಬ ಭಯ ನಮ್ಮ ನಾಲಿಗೆಯನ್ನು ಹಿಡಿಯಿತು. ಇನ್‌ಶಾ ಅಲ್ಲಾಹ್ ಎಂಬ ಪವಿತ್ರ ಮಾತನ್ನು ನಾವು ಅಂದು ತಿಳಿದದ್ದನ್ನು ಮುಚ್ಚಲು ಬಳಸಿದೆವು. ಈ ಬರಹವನ್ನು ಬರೆಯಲು ಮುಖ್ಯ ಕಾರಣ ಅದೇ.

ನಾಲ್ಕನೆಯ ಚಿಕಿತ್ಸೆಯ ಮರುದಿನ ಅಣ್ಣ ಅತ್ತಿಗೆಯನ್ನು ಕೇಳಿದರು: ಮನೆಯಿಂದ ಖಡಕ್ ರೊಟ್ಟಿ ತಂದಿದ್ದೀರಾ? ತಂದಿರಲಿಲ್ಲ. ನಮ್ಮಲ್ಲೊಬ್ಬರು ಓಡಿಹೋಗಿ ಖಾನಾವಳಿಯಿಂದ ರೊಟ್ಟಿ, ಝುಣಕ ಕಟ್ಟಿಸಿ ತಂದರು. ಅವರು ಒಂದೂವರೆ ರೊಟ್ಟಿ ತಿನ್ನುವುದನ್ನು ಇಡೀ ವಾರ್ಡು ನೋಡಿತು. ಆರನೆಯದರ ಬಳಿಕ ಅಂಗಡಿಯ ಕೀಲಿ ಯಾರ ಬಳಿ ಇದೆ ಎಂದು ವಿಚಾರಿಸಿದರು. ತಾನು ಕಪಟಿಯೆಂಬ ಮಾತು ನಿಂತಿತು. ಪ್ರತಿ ಚಿಕಿತ್ಸೆಯ ಅನಂತರ ಒಂದು ಗಂಟೆ ತಲೆನೋವು, ಎಲ್ಲಿದ್ದೇನೆಂಬ ಗೊಂದಲ, ಕೇಳಿದ್ದನ್ನೇ ಕೇಳುತ್ತಿದ್ದರು. ಎಂಟಕ್ಕೆ ನಿಲ್ಲಿಸಿ ಮನೆಗೆ ಕಳಿಸಿದರು.

ಮನೆಗೆ ಬಂದವರು ಮೊದಲು ಮಾಡಿದ್ದು ತಮ್ಮ ಹಿಫ್ಝಿನ ಪರೀಕ್ಷೆ. ಕೊನೆಯ ಜುಝ್‌ಅ್ ನೀರು ಹರಿದಂತೆ ಬಂತು. ದೊಡ್ಡ ಸೂರಾಗಳಲ್ಲಿ ಮಾತ್ರ ಒಂದಕ್ಕೊಂದು ಹೋಲುವ ಆಯತ್‌ಗಳಿರುವೆಡೆ ದಾರಿ ತಪ್ಪುತ್ತಿದ್ದರು. ಒಂದು ಸೂರಾದಲ್ಲಿ ಹೊರಟು ಇನ್ನೊಂದರೊಳಗೆ ಹೋಗಿಬಿಡುತ್ತಿದ್ದರು. ಇದು ಹಾಫಿಝರೆಲ್ಲರಿಗೂ ಗೊತ್ತಿರುವ ಕಷ್ಟವೇ, ಅವರಿಗೆ ಹೆಚ್ಚಾಗಿತ್ತು. ತಮ್ಮ ಹಳೆಯ ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ದಿನಕ್ಕೆ ಒಂದು ಜುಝ್‌ಅ್‌ನಂತೆ ಪುನರಾವರ್ತನೆ ಮಾಡಿ ಎರಡು ತಿಂಗಳಲ್ಲಿ ಬಹುಮಟ್ಟಿಗೆ ಸರಿಪಡಿಸಿಕೊಂಡರು.

ನಿಕಾಹ್‌ನ ಆಲ್ಬಂ ಅವರ ಕೈಗೆ ಸಿಕ್ಕಿದ್ದು ಆ ದಿನಗಳಲ್ಲೇ. ಪುಟ ತಿರುವುತ್ತ ತಿರುವುತ್ತ ನಿಧಾನವಾದರು. “ವಲಿಯಾಗಿ ಯಾರು ಕುಳಿತಿದ್ದರು?” ಎಂದು ಅತ್ತಿಗೆಯನ್ನು ಕೇಳಿದರು. ಅತ್ತಿಗೆ ಚಿತ್ರ ತೋರಿಸಿದರು. ಶೇರ್ವಾನಿಯನ್ನು ಗುರುತಿಸಿದರು, ತಾವೇ ಹೊಲಿದದ್ದು. ಆ ದಿನವನ್ನು ಗುರುತಿಸಲಿಲ್ಲ. ಮಗಳನ್ನು ಒಪ್ಪಿಸಿಕೊಟ್ಟ ಮಾತು, ಅವಳು ಕೊರಳಿಗೆ ಬಿದ್ದು ಅತ್ತದ್ದು, ಬೀಗರ ಮುಖ, ಯಾವುದೂ ಇಲ್ಲ. ಇದು ಚಿಕಿತ್ಸೆ ಅಳಿಸಿದ್ದೋ ಅಥವಾ ಆಗಿನ ರೋಗದ ಮಬ್ಬಿನಲ್ಲಿ ಮನಸ್ಸಿಗೆ ಇಳಿಯಲೇ ಇಲ್ಲವೋ ಎಂದು ವಿಂಗಡಿಸಿ ಹೇಳಲಾಗದು ಎಂದರು ವೈದ್ಯೆ. ಎರಡೂ ಇರಬಹುದು.

ಅಂದು ರಾತ್ರಿ ಇಶಾ ಮುಗಿಸಿ ನಾವು ಮೂವರೂ ಅವರ ಮುಂದೆ ಕುಳಿತು, ನಮಗೆ ಮೊದಲೇ ಗೊತ್ತಿತ್ತು, ನಿಮಗೆ ಮುಚ್ಚಿಟ್ಟೆವು ಎಂದು ಒಪ್ಪಿಕೊಂಡೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಹೇಳಿದರು: “ಹೇಳಿದ್ದರೂ ಒಪ್ಪುತ್ತಿದ್ದೆ. ಆದರೆ ಒಳಗೆ ಹೋಗುವ ಮೊದಲು ಅವಳನ್ನು ಕರೆಸಿ ಮಾತಾಡಿಸುತ್ತಿದ್ದೆ. ನೆನಪಿದ್ದಷ್ಟನ್ನು ಬರೆದಿಡುತ್ತಿದ್ದೆ.” ನಾವು ಕ್ಷಮೆ ಕೇಳಿದೆವು. ಅವರು ಕ್ಷಮಿಸಿದರು, ಆಲ್ಬಂ ಮಾತ್ರ ಬಹಳ ದಿನ ಅವರ ದಿಂಬಿನ ಬಳಿಯೇ ಇತ್ತು.

ಎರಡನೆಯ ತಪ್ಪು ಇಡೀ ಮನೆಯದು. ಗುಣವಾಯಿತಲ್ಲ, ಇನ್ನೇಕೆ ಮಾತ್ರೆ ಎಂದು ಹತ್ತು ತಿಂಗಳ ಬಳಿಕ ಔಷಧ ನಿಂತಿತು. ಬಂಧುಗಳು ಮೆಚ್ಚಿಕೊಂಡರು. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಇ.ಸಿ.ಟಿ.ಯಿಂದ ಗುಣವಾದವರ ಪೈಕಿ ಅನಂತರ ಔಷಧವಿಲ್ಲದೆ ಇದ್ದವರಲ್ಲಿ ನೂರಕ್ಕೆ 84 ಮಂದಿಗೆ ಆರು ತಿಂಗಳೊಳಗೆ ರೋಗ ಮರುಕಳಿಸಿತು. ಲಿಥಿಯಂ ಸೇರಿದಂತೆ ಎರಡು ಔಷಧಗಳನ್ನು ಮುಂದುವರಿಸಿದವರಲ್ಲಿ ಮರುಕಳಿಸಿದ್ದು ನೂರಕ್ಕೆ 39 ಮಂದಿಗೆ. ಈ ಲೆಕ್ಕ ನಮಗೆ ತಿಳಿದದ್ದು ಅಣ್ಣ ಮತ್ತೆ ರಾತ್ರಿ ಮೂರಕ್ಕೆ ಎದ್ದು ಕೂರತೊಡಗಿದ ಮೇಲೆ. ಈ ಸಲ ನಾವು ತಹಜ್ಜುದ್ ಎಂದುಕೊಳ್ಳಲಿಲ್ಲ, ಆ ವಾರವೇ ಧಾರವಾಡಕ್ಕೆ ಹೋದೆವು.

ಈ ಸಲ ಅವರು ಊಟ ಬಿಟ್ಟಿರಲಿಲ್ಲ, ಮಾತು ಬಿಟ್ಟಿರಲಿಲ್ಲ; ಕಾಯಲು ಸಮಯವಿತ್ತು. ಔಷಧ ಮತ್ತೆ ಆರಂಭಿಸಿದ ವೈದ್ಯೆ ಜೊತೆಗೆ ಟಿ.ಎಂ.ಎಸ್. ಎಂಬ ಕಾಂತೀಯ ಚಿಕಿತ್ಸೆಯನ್ನು ಸೂಚಿಸಿದರು. ಇದು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ರೂಪಿಸಿದ ವಿಧಾನ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಖಿನ್ನತೆಗೆ ಇದನ್ನು ಅಂಗೀಕರಿಸಿದರು. ತಲೆಗೆ ತಾಗಿಸಿ ಹಿಡಿದ ತಂತಿ ಸುರುಳಿಯಲ್ಲಿ ಕ್ಷಣಮಾತ್ರ ಬಲವಾದ ಕಾಂತಕ್ಷೇತ್ರ ಉಂಟಾಗುತ್ತದೆ. ಅದು ತಲೆಬುರುಡೆಯನ್ನು ದಾಟಿ, ಹಣೆಯ ಎಡಭಾಗದ ಹಿಂದೆ ಇರುವ, ಖಿನ್ನತೆಯಲ್ಲಿ ಮಂಕಾಗಿರುವ ಮೆದುಳಿನ ಭಾಗದಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಅರಿವಳಿಕೆ ಬೇಡ, ಸೆಳವು ಉಂಟುಮಾಡುವುದಿಲ್ಲ, ನೆನಪಿಗೆ ಧಕ್ಕೆಯಿಲ್ಲ. ಅಕಸ್ಮಾತ್ ಸೆಳವು ಬರುವುದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಇ.ಸಿ.ಟಿ.ಯಷ್ಟು ಬಲವಿಲ್ಲ: ಸುಮಾರು ಅರ್ಧದಷ್ಟು ಮಂದಿಗೆ ಗಣನೀಯ ಸುಧಾರಣೆ, ಮೂರನೇ ಒಂದು ಭಾಗಕ್ಕೆ ಪೂರ್ಣ ಗುಣ. ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಹೋಗಬೇಕು. ತಲೆಯೊಳಗೆ ಲೋಹದ ತುಣುಕು, ಕಿವಿಯೊಳಗೆ ಅಳವಡಿಸಿದ ಯಂತ್ರ ಇದ್ದವರಿಗೆ ಕೂಡದು. ಮೆದುಳಿನೊಳಗೇ ತಂತಿ ಇಳಿಸುವ ಶಸ್ತ್ರಚಿಕಿತ್ಸೆಯೂ ಒಂದಿದೆ. ಖಿನ್ನತೆಯ ಮಟ್ಟಿಗೆ ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ಇಲ್ಲೊಂದು ಮಾತು ಸೇರಿಸಬೇಕು. ಕಾಂತೀಯ ಚಿಕಿತ್ಸೆ ಎಂದು ಕೇಳಿದೊಡನೆ ನಮ್ಮ ಭಾವನವರು ಜಾತ್ರೆಯಲ್ಲಿ ಮಾರುವ ಆಯಸ್ಕಾಂತದ ಪಟ್ಟಿಯೊಂದನ್ನು ಕೊಂಡು ತಂದರು. ಅದಕ್ಕೂ ಇದಕ್ಕೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ.

ಈ ಬಾರಿ ವೈದ್ಯೆಯ ಎದುರು ಕುಳಿತು ಪ್ರಶ್ನೆ ಕೇಳಿದವರು ಅಣ್ಣನೇ. ನಾವು ಬಾಯಿ ಮುಚ್ಚಿಕೊಂಡಿದ್ದೆವು. ಏನು ಹೋಗಬಹುದು, ಎಷ್ಟು ದಿನ, ಎಷ್ಟು ಹಣ, ಫಲಿಸದಿದ್ದರೆ ಮುಂದೇನು ಎಂದು ಒಂದೊಂದಾಗಿ ಕೇಳಿ, ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಉತ್ತರಗಳನ್ನು ಬರೆದುಕೊಂಡರು. ಯಂತ್ರವಿದ್ದದ್ದು ಹುಬ್ಬಳ್ಳಿಯ ಖಾಸಗಿ ಚಿಕಿತ್ಸಾಲಯವೊಂದರಲ್ಲಿ. ಗರಗದಿಂದ ಧಾರವಾಡಕ್ಕೆ ಬಸ್ಸು, ಅಲ್ಲಿಂದ ಚಿಗರಿ ಬಸ್ಸು. ಹೋಗಿ ಬರುವುದಕ್ಕೆ ಅರ್ಧ ದಿನ, ಕುರ್ಚಿಯ ಮೇಲೆ ಅರ್ಧ ಗಂಟೆ. ಒಂದು ದಿನದ ಚಿಕಿತ್ಸೆಯ ಖರ್ಚು ದರ್ಜಿಯೊಬ್ಬನ ದಿನದ ದುಡಿಮೆಗಿಂತ ಹೆಚ್ಚು. ಬಡವರಿಗೆ ಇದು ಇನ್ನೂ ದೂರದ ಮಾತೇ. ಝಕಾತ್ ಹಣದಿಂದ ರೋಗಿಗಳ ಡಯಾಲಿಸಿಸ್‌ಗೆ ನೆರವಾಗುವ ನಮ್ಮ ಸಂಘಟನೆಗಳು ಮನೋರೋಗಿಗಳನ್ನೂ ನೆನೆಯಬೇಕೆಂದು ಆ ಬಸ್ಸಿನಲ್ಲಿ ಕುಳಿತಾಗಲೆಲ್ಲ ನಮಗೆ ಅನಿಸಿದೆ. ಮೊದಲ ದಿನ ಅಲ್ಲಿನ ನರ್ಸ್ ಮೈಮೇಲಿನ ಲೋಹವನ್ನೆಲ್ಲ ತೆಗೆಯಲು ಹೇಳಿದಾಗ ಅಣ್ಣ ಅಂಗಿಯ ಕಾಲರಿನಿಂದ ಮೂರು ಸೂಜಿಗಳನ್ನು ಒಂದೊಂದಾಗಿ ಕಿತ್ತು ಕೊಟ್ಟರು. ಹೊರಬಂದು, ಒಳಗಿನ ಸದ್ದು ದಾರವಿಲ್ಲದೆ ಓಡುವ ಹೊಲಿಗೆ ಯಂತ್ರದ್ದೇ ಎಂದರು. ಎರಡು ವರ್ಷಗಳಲ್ಲಿ ಅವರು ನಮ್ಮನ್ನು ನಗಿಸಿದ್ದು ಅದೇ ಮೊದಲು.

ಇಪ್ಪತ್ತೆಂಟು ದಿನಗಳ ಚಿಕಿತ್ಸೆ ಮುಗಿಯಿತು. ಪೂರ್ಣ ಗುಣವಾದವರ ಸಾಲಿನಲ್ಲಿ ಅವರಿಲ್ಲ. ಬೆಳಗಿನ ಹೊತ್ತು ಇನ್ನೂ ಭಾರವೇ. ಮಾತ್ರೆ ಮುಂದುವರಿದಿದೆ, ಅದರ ಮೇಲೆ ಅತ್ತಿಗೆಯ ಕಣ್ಣಿದೆ. ಅಂಗಡಿಯನ್ನು ಮಧ್ಯಾಹ್ನದ ಬಳಿಕ ತೆರೆಯುತ್ತಾರೆ. ಈಗ ನಮ್ಮ ಮನೆಗೆ ಬೇರೆ ಊರುಗಳ ಜನ ಗುಟ್ಟಾಗಿ ಬಂದು ಕೇಳುತ್ತಾರೆ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಖಿನ್ನತೆಯುಳ್ಳವರಲ್ಲಿ ನೂರಕ್ಕೆ 85 ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ. ಬಂದವರಲ್ಲಿ ಹೆಚ್ಚಿನವರು ಆ ಲೆಕ್ಕದವರೇ. ಅವರಿಗೆ ನಾವು ಮೊದಲು ಬರೆದುಕೊಡುವುದು 14416 ಎಂಬ ಟೆಲಿ-ಮಾನಸ್ ಸಂಖ್ಯೆ. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಮಾತಾಡಬಹುದು. ಆಮೇಲೆ, ಚಿಕಿತ್ಸೆಗೆ ಮೊದಲು ರೋಗಿಯ ಬಳಿ ಕುಳಿತು ಕಳೆದ ತಿಂಗಳುಗಳ ನೆನಪನ್ನು ಬರೆದಿಡಿ ಎನ್ನುತ್ತೇವೆ. ಹಲವರಿಗೆ ಈ ಎರಡನೆಯ ಮಾತು ವಿಚಿತ್ರವೆನಿಸುತ್ತದೆ.

ಈ ವರ್ಷದ ರಮಝಾನಿನಲ್ಲಿ ಮಸೀದಿಯ ಹಿರಿಯರು ಅಣ್ಣನ ಬಳಿಗೆ ಬಂದರು. ಅವರು ಇಪ್ಪತ್ತೂ ರಕಅತ್‌ಗಳಿಗೆ ಒಪ್ಪಲಿಲ್ಲ. ಮೊದಲ ಹತ್ತು ತಾವು, ಉಳಿದದ್ದು ಶಿಷ್ಯ ಎಂದು ಹಂಚಿಕೊಂಡರು. ಏಳನೆಯ ರಾತ್ರಿ ಒಂದು ಆಯತ್‌ನಲ್ಲಿ ಅವರು ಹೋಲಿಕೆಯ ಇನ್ನೊಂದು ಸೂರಾದ ಕಡೆಗೆ ಹೊರಳಿದರು. ಹಿಂದಿನಿಂದ ಶಿಷ್ಯನ ಲುಕ್ಮಾ ಬಂತು. ಕ್ಷಣಕಾಲ ನಿಂತರು. ಎರಡನೆಯ ಸಾಲಿನಲ್ಲಿದ್ದ ನಮಗೆ ನಮ್ಮ ನಮಾಝೇ ಮರೆತುಹೋಯಿತು. ಅವರು ಆ ಪದವನ್ನು ಎತ್ತಿಕೊಂಡು ಮುಂದೆ ಸಾಗಿದರು. ಮನೆಗೆ ಬಂದು ಅಳತೆ ಪುಸ್ತಕವನ್ನು ತೆಗೆದು ಸೂರಾದ ಹೆಸರು, ಎಷ್ಟನೆಯ ರಕಅತ್, ತಾರೀಖು ಇವಿಷ್ಟನ್ನು ಬರೆದರು. ಅದರ ಕೆಳಗೆ, ಈದ್‌ನ ಮೂರನೆಯ ದಿನ ಮಗಳ ಮನೆಗೆ ಹೋಗಬೇಕೆಂದು ಬರೆದು ಪುಸ್ತಕ ಮುಚ್ಚಿದರು.